ಗುಳಿಗಿ ಕೇಳಿದವರಿಗೆ ಬ್ಯಾಳಿ ಲೆಕ್ಕ

"ಸರ, ಟಿ.ಬಿ.ಗೆ ಹೊಸ ಗುಳಿಗಿ ಬಂದಾವಂತ. ಆರು ತಿಂಗಳು ತಿನ್ನೋದು ಬ್ಯಾಡಂತ. ಖರೇ ಏನ್ರಿ?"

ವಾರಕ್ಕೊಮ್ಮೆ ಬೀದರಿನಿಂದ ಔರಾದಕ್ಕೆ ರೋಗಿಗಳನ್ನು ನೋಡಲು ಹೋಗುತ್ತೇನೆ. ಈ ಪ್ರಶ್ನೆ ಎದುರಾಗದ ವಾರ ಇಲ್ಲ. ಕೇಳುವವರು ರೋಗಿಗಳೇ ಆಗಬೇಕೆಂದಿಲ್ಲ. ಚಹಾದಂಗಡಿಯವರು ಕೇಳುತ್ತಾರೆ, ಬಸ್ಸಿನಲ್ಲಿ ಪಕ್ಕ ಕೂತ ಮಾಸ್ತರರು ಕೇಳುತ್ತಾರೆ, ಈ ಅಂಕಣ ಓದಿ ಫೋನ್ ಹಚ್ಚುವವರಂತೂ ಕೇಳಿಯೇ ಕೇಳುತ್ತಾರೆ. ಅದರ ಬೆನ್ನಿಗೇ ಎರಡನೆಯದು ಬರುತ್ತದೆ: "ಹೈದರಾಬಾದ್‌ದಾಗ ಟ್ರಯಲ್ ನಡೀಲತ್ತಾದಂತ, ಹೆಸರು ಹಚ್ಚಬೇಕೇನು?" ಮೂರನೆಯದು ಮಾತ್ರ ದನಿ ತಗ್ಗಿಸಿಕೊಂಡು ಬರುತ್ತದೆ. "ನಮ್ಮಂಥ ಬಡವರ ಮ್ಯಾಲೇ ಪ್ರಯೋಗ ಮಾಡ್ತಾರಂತಲ್ರಿ?"

ಮೊದಲನೆಯದಕ್ಕೆ ಉತ್ತರ ಅರ್ಧ ಹೌದು, ಅರ್ಧ ಅಲ್ಲ. ಸಾಮಾನ್ಯ ಟಿ.ಬಿ.ಗೆ ನಮ್ಮ ಸರಕಾರಿ ಆಸ್ಪತ್ರೆಗಳಲ್ಲಿ ಇವತ್ತಿಗೂ ಆರು ತಿಂಗಳೇ. ಮೊದಲೆರಡು ತಿಂಗಳು ನಾಲ್ಕು ಔಷಧ, ಮುಂದಿನ ನಾಲ್ಕು ತಿಂಗಳು ಮೂರು ಔಷಧ, ತೂಕ ನೋಡಿ ಗುಳಿಗೆ ಎಣಿಸಿ ಕೊಡುತ್ತಾರೆ. ಇದನ್ನು ನಾಲ್ಕು ತಿಂಗಳಿಗೆ ಇಳಿಸುವ ದಾರಿ 2021ರಲ್ಲಿ ಸಿಕ್ಕಿತು. 13 ದೇಶಗಳ ಎರಡೂವರೆ ಸಾವಿರ ರೋಗಿಗಳ ಮೇಲೆ ನಡೆದ ಟ್ರಯಲ್ಲಿನಲ್ಲಿ ರಿಫಾಪೆಂಟಿನ್, ಮಾಕ್ಸಿಫ್ಲಾಕ್ಸಸಿನ್ ಸೇರಿಸಿದ ನಾಲ್ಕು ತಿಂಗಳ ಚಿಕಿತ್ಸೆ ಆರು ತಿಂಗಳಿನದಕ್ಕೆ ಸರಿಸಮ ಎಂದು ಕಂಡಿತು. ವಿಶ್ವ ಆರೋಗ್ಯ ಸಂಸ್ಥೆ ಮರುವರ್ಷವೇ ಒಪ್ಪಿತು. ಆದರೆ ಒಪ್ಪುವುದು ಬೇರೆ, ಔರಾದದ ಔಷಧದ ಕಪಾಟಿಗೆ ಬರುವುದು ಬೇರೆ.

ವಾಟ್ಸಾಪಿನಲ್ಲಿ ಓಡಾಡುತ್ತಿರುವ ಸುದ್ದಿ ನಿಜವಾಗಿ ಇದರದ್ದಲ್ಲ, ಮದ್ದಿಗೆ ಬಗ್ಗದ ಟಿ.ಬಿ.ಯದ್ದು. ಅದಕ್ಕೆ ಮೊದಲು ಒಂದೂವರೆ ವರ್ಷ, ಕೆಲವರಿಗೆ ಅದಕ್ಕೂ ಹೆಚ್ಚು ಗುಳಿಗೆ ನುಂಗಬೇಕಿತ್ತು. ತಿಂಗಳುಗಟ್ಟಲೆ ಸೂಜಿ ಚುಚ್ಚಿಸಿಕೊಂಡು ಕಿವಿ ಮಂದವಾದವರನ್ನು ನಾನೇ ನೋಡಿದ್ದೇನೆ. ಬೆಡಾಕ್ವಿಲಿನ್, ಪ್ರೆಟೋಮನಿಡ್, ಲಿನೆಜೋಲಿಡ್, ಮಾಕ್ಸಿಫ್ಲಾಕ್ಸಸಿನ್ ಎಂಬ ನಾಲ್ಕರ ಜೋಡಣೆ ಅದನ್ನು ಆರು ತಿಂಗಳಿಗೆ ತಂದಿದೆ. 2022ರ ಟ್ರಯಲ್ಲಿನಲ್ಲಿ ಹಳೆಯ ಚಿಕಿತ್ಸೆ ಪಡೆದವರಲ್ಲಿ 100ಕ್ಕೆ 52 ಜನ ಸರಿಹೋದರೆ, ಹೊಸದು ಪಡೆದವರಲ್ಲಿ 89 ಜನ. 2024ರ ಸೆಪ್ಟೆಂಬರಿನಲ್ಲಿ ನಮ್ಮ ಕೇಂದ್ರ ಆರೋಗ್ಯ ಸಚಿವಾಲಯವೂ ಇದಕ್ಕೆ ಒಪ್ಪಿಗೆ ಕೊಟ್ಟಿತು. ಅಂದರೆ ನಮ್ಮೂರಿನ ಸಾಮಾನ್ಯ ರೋಗಿಗೆ ಬೇಸರ ತರಿಸುವ ಆ ಆರು ತಿಂಗಳು, ಈ ರೋಗಿಗಳ ಪಾಲಿಗೆ ದೊಡ್ಡ ಬಿಡುಗಡೆ.

ಆರು ತಿಂಗಳೇ ಯಾಕೆ ಎಂದು ಕೇಳುವವರಿಗೆ ನಾನು ಕರಕಿಯ ಕಥೆ ಹೇಳುತ್ತೇನೆ. ಕರಿ ಹೊಲದಲ್ಲಿ ಮೇಲಿನ ಕರಕಿ ಕಿತ್ತರೆ ಹೊಲ ಹಸನಾದಂತೆ ಕಾಣುತ್ತದೆ. ಒಂದು ಮಳೆ ಬೀಳಲಿ, ಮತ್ತೆ ಎದ್ದು ಬರುತ್ತದೆ, ಬೇರು ಕೆಳಗೆ ಮಲಗಿತ್ತಲ್ಲ. ಟಿ.ಬಿ. ಕ್ರಿಮಿಗಳಲ್ಲಿ ಹೆಚ್ಚಿನವು ಮೊದಲೆರಡು ತಿಂಗಳಲ್ಲೇ ಸಾಯುತ್ತವೆ, ಕೆಮ್ಮು ನಿಲ್ಲುತ್ತದೆ, ಹಸಿವೆ ಮರಳುತ್ತದೆ. ಮಲಗಿದವು ಉಳಿದಿರುತ್ತವೆ. ಆರನ್ನು ನಾಲ್ಕಕ್ಕೆ ಇಳಿಸಲು ಹೊರಟ ಮೂರು ದೊಡ್ಡ ಟ್ರಯಲ್‌ಗಳು 2014ರಲ್ಲಿ ಸೋತವು, ಅದಕ್ಕೂ ಮೊದಲು ಚೆನ್ನೈನ ಕ್ಷಯರೋಗ ಸಂಶೋಧನಾ ಸಂಸ್ಥೆಯದೂ ನಡುವೆಯೇ ನಿಂತಿತು. ಕಾರಣ ಇದೇ, ರೋಗ ಮರುಕಳಿಸುವುದು.

ನನ್ನ ಬಳಿ ಬರುತ್ತಿದ್ದ ಒಬ್ಬ ಹುಡುಗನ ಮಾತು ಹೇಳಬೇಕು. ಔರಾದ ತಾಲೂಕಿನವನು, ಹೈದರಾಬಾದಿನಲ್ಲಿ ಸೆಂಟ್ರಿಂಗ್ ಕೆಲಸ, ವರ್ಷದಲ್ಲಿ ಎಂಟು ತಿಂಗಳು ಅಲ್ಲೇ. ಎಳ್ಳ ಅಮಾವಾಸ್ಯೆಗೆ ಊರಿಗೆ ಬಂದವನು, ಹೊಲದಲ್ಲಿ ಎಲ್ಲರೂ ಭಜ್ಜಿ, ಅಂಬಲಿಗೆ ಕೂತಾಗ ತಾನು ಕೆಮ್ಮುತ್ತ ದೂರ ಕೂತಿದ್ದನಂತೆ. ಮರುದಿನ ಹೆಂಡತಿ ಎಳೆದುಕೊಂಡು ಬಂದಳು. ತೂಕ 41 ಕೆ.ಜಿ. ಗುಳಿಗೆ ಶುರುವಾದ ಮೂರನೇ ದಿನ ಫೋನ್: "ಸರ, ಒಂದಕ್ಕ ಹೋದ್ರ ಕೇಸರಿ ಬಣ್ಣ ಬರ್ಲತ್ತಾದ, ರಕ್ತ ಏನ್ರಿ?" ರಿಫಾಂಪಿಸಿನ್ ಎಂಬ ಔಷಧದ ಬಣ್ಣ ಅದು, ಹೆದರಬೇಡ ಎಂದೆ. ಮೊದಲ ದಿನವೇ ಹೇಳಬೇಕಾದ ಮಾತು, ಮರೆತಿದ್ದೆ. ಎರಡು ತಿಂಗಳಿಗೆ ಮೂರೂವರೆ ಕೆ.ಜಿ. ಏರಿದ. ಆಮೇಲೆ ಬರಲಿಲ್ಲ. ಮೇಸ್ತ್ರಿ ಕರೆದಿದ್ದ, ಮೈಯಲ್ಲಿ ಕಸುವಿತ್ತು, ಹೋಗಿಬಿಟ್ಟ. ಊರು ಬಿಟ್ಟರೆ ಗುಳಿಗೆ ಬಿಡಬೇಕಿಲ್ಲ. ನಿಕ್ಷಯ್ ಎಂಬ ಸರಕಾರಿ ದಾಖಲಾತಿಯ ನಂಬರು ಕೈಯಲ್ಲಿದ್ದರೆ ಹೈದರಾಬಾದಿನಲ್ಲೂ ಉದಗೀರಿನಲ್ಲೂ ಅದೇ ಗುಳಿಗೆ ಪುಕ್ಕಟೆ ಸಿಗುತ್ತದೆ. ಅದನ್ನೂ ಅವನಿಗೆ ಯಾರೂ ತಿಳಿಸಿ ಹೇಳಿರಲಿಲ್ಲ. ಆ 'ಯಾರೂ'ದಲ್ಲಿ ನಾನೂ ಇದ್ದೇನೆ.

ಇನ್ನು ಟ್ರಯಲ್ ಎಂಬ ಮಾತಿಗೆ ಬರೋಣ. ಕನ್ನಡದ ಒಪ್ಪಿಗೆ ಪತ್ರಗಳಲ್ಲಿ ಇದಕ್ಕೆ 'ಯಾದೃಚ್ಛಿಕ ನಿಯಂತ್ರಿತ ಪ್ರಯೋಗ' ಎಂದು ಅಚ್ಚು ಹಾಕುತ್ತಾರೆ. ಓದಿದವರೇ ಎಡವುವ ಮಾತು. ಔರಾದದಲ್ಲಿ ನಾನು ಚೀಟಿ ಎತ್ತುವುದು ಎನ್ನುತ್ತೇನೆ, ಎಲ್ಲರಿಗೂ ಥಟ್ಟನೆ ತಿಳಿಯುತ್ತದೆ. ಎರಡು ಚಿಕಿತ್ಸೆಗಳಲ್ಲಿ ಯಾವುದು ಮೇಲು ಎಂಬುದು ವೈದ್ಯರಿಗೇ ಗೊತ್ತಿಲ್ಲದಾಗ ಯಾರಿಗೆ ಯಾವುದು ಎಂಬುದನ್ನು ಚೀಟಿ ನಿರ್ಧರಿಸುತ್ತದೆ. ನನಗೆ ಬೇಕಾದವನಿಗೆ ಒಳ್ಳೆಯದು, ಬೇಡಾದವನಿಗೆ ಕೆಟ್ಟದ್ದು ಎಂದು ಹಂಚಲು ಬರುವುದಿಲ್ಲ. ಆದರೆ ಚೀಟಿಯಲ್ಲಿ ಬರೆದ ಪ್ರಶ್ನೆಗೆ ಮಾತ್ರ ಟ್ರಯಲ್ ಉತ್ತರ ಕೊಡುತ್ತದೆ, ಬರೆಯದ ಪ್ರಶ್ನೆಗೆ ಕೊಡುವುದಿಲ್ಲ. ಇದನ್ನು ಮರೆತರೆ ಏನಾಗುತ್ತದೆ ಎಂಬುದಕ್ಕೆ ಅರವತ್ತು ವರ್ಷದ ಕಥೆಯೊಂದು ನಮ್ಮ ಕಣ್ಣ ಮುಂದೆಯೇ ಇದೆ.

ನಮ್ಮ ಅಜ್ಜಂದಿರ ಕಾಲಕ್ಕೆ ಬೀದರ ಕಡೆಯವರಿಗೆ ಕ್ಷಯವೆಂದರೆ ಅನಂತಗಿರಿ. ವಿಕಾರಾಬಾದಿನ ರೈಲು ಹತ್ತಿ ಗುಡ್ಡದ ಮೇಲಿನ ಸ್ಯಾನಿಟೋರಿಯಂ ಸೇರಬೇಕು. ಮೈಸೂರು ಸೀಮೆಯವರಿಗೆ ಕೃಷ್ಣಾಜಮ್ಮಣ್ಣಿ ಸ್ಯಾನಿಟೋರಿಯಂ ಇತ್ತು. ಒಳ್ಳೆಯ ಗಾಳಿ, ಹಾಲು, ಮೊಟ್ಟೆ, ಮಂಚದ ಮೇಲೆ ತಿಂಗಳುಗಟ್ಟಲೆ ವಿಶ್ರಾಂತಿ. ದೇಶದಲ್ಲಿ ಲಕ್ಷಗಟ್ಟಲೆ ರೋಗಿಗಳು, ಮಂಚಗಳು ಕೆಲವೇ ಸಾವಿರ. 1956ರಲ್ಲಿ ಮದರಾಸಿನಲ್ಲಿ ವ್ಯಾಲೇಸ್ ಫಾಕ್ಸ್ ಎಂಬ ಬ್ರಿಟಿಷ್ ವೈದ್ಯರ ಮುಂದಾಳತ್ವದಲ್ಲಿ ಒಂದು ಟ್ರಯಲ್ ಶುರುವಾಯಿತು. 193 ಬಡ ರೋಗಿಗಳು. ಚೀಟಿ ಎತ್ತಿ ಅರ್ಧದಷ್ಟು ಜನರನ್ನು ಸ್ಯಾನಿಟೋರಿಯಂಗೆ ಕಳಿಸಿದರು, ಉಳಿದವರಿಗೆ ಗುಡಿಸಲಿನ ಮನೆಯಲ್ಲೇ ಒಂದು ವರ್ಷ ಅದೇ ಗುಳಿಗೆ. 1959ರಲ್ಲಿ ಫಲಿತಾಂಶ ಬಂತು: ಎರಡೂ ಗುಂಪಿನವರು ಹೆಚ್ಚುಕಡಿಮೆ ಒಂದೇ ಸಮ ಗುಣವಾಗಿದ್ದರು. ಇಕ್ಕಟ್ಟಿನ ಮನೆಯಲ್ಲಿ ಇದ್ದರೆಂದು ಮನೆಮಂದಿಗೆ ರೋಗ ಹೆಚ್ಚು ತಗುಲಿರಲಿಲ್ಲ. ಜಗತ್ತು ಸ್ಯಾನಿಟೋರಿಯಂಗಳ ಬಾಗಿಲು ಹಾಕಿತು. ಔರಾದದ ರೋಗಿ ಇವತ್ತು ತನ್ನ ಮನೆಯಲ್ಲೇ ಮಲಗಿ ಗುಣವಾಗುವುದಕ್ಕೆ ಮದರಾಸಿನ ಆ 193 ಜನ ಕಾರಣ. ಬಡವರ ಮೇಲೆ ನಡೆದ ಪ್ರಯೋಗವೇ ಹೌದು. ಉಂಡವರೂ ಬಡವರೇ.

ಅದೇ ಟ್ರಯಲ್ಲಿನ ಬಾಲದಲ್ಲಿ ಇನ್ನೊಂದು ಮಾತಿತ್ತು. ಮನೆಯಲ್ಲಿದ್ದ ರೋಗಿಗಳ ಊಟ ಸ್ಯಾನಿಟೋರಿಯಂ ಊಟಕ್ಕಿಂತ ಬಹಳ ಕಡಿಮೆ, ಆದರೂ ಗುಣವಾದರಲ್ಲ, ಹಾಗಾದರೆ ಗುಳಿಗೆ ಸರಿಯಾಗಿ ತಗೊಂಡರೆ ಊಟ ಮುಖ್ಯವಲ್ಲ ಎಂದು 1961ರಲ್ಲಿ ಬರೆದರು. ಕೇಳಿದ ಪ್ರಶ್ನೆಗೆ ಅದು ಸರಿಯಾದ ಉತ್ತರವೇ. ಗುಳಿಗೆ ಕ್ರಿಮಿಯನ್ನು ಕೊಲ್ಲುತ್ತದೆಯೇ? ಕೊಲ್ಲುತ್ತದೆ. ಆದರೆ ಅಲ್ಲಿಂದ ಮುಂದೆ ಊಟವೆಂಬುದೇ ಚೀಟಿಯಿಂದ ಬಿದ್ದುಹೋಯಿತು. ರೋಗಿಯ ಪಕ್ಕದಲ್ಲಿ ಕೂತು ಅರೆಹೊಟ್ಟೆ ಉಣ್ಣುವ ಹೆಂಡತಿ, ತಾಯಿ, ಮಕ್ಕಳಿಗೆ ಏನಾಗುತ್ತದೆ ಎಂದು ಅಷ್ಟು ದೊಡ್ಡ ಮಟ್ಟದಲ್ಲಿ ಯಾರೂ ಕೇಳಲಿಲ್ಲ.

ಇಲ್ಲಿ ಒಂದು ಅಡ್ಡಮಾತು. 1959ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯವರು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಒಂದು ಸಮೀಕ್ಷೆ ಮಾಡಿ 1963ರಲ್ಲಿ ಪ್ರಕಟಿಸಿದರು. ಹಳ್ಳಿಯವರು ದವಾಖಾನೆಗೆ ಬರುವುದಿಲ್ಲ ಎಂಬುದು ಆಗಿನ ನಂಬಿಕೆ. ಸಮೀಕ್ಷೆಯಲ್ಲಿ ಕಂಡದ್ದು ಬೇರೆ: ಕ್ಷಯ ಇದ್ದವರಲ್ಲಿ ಅರ್ಧಕ್ಕೂ ಹೆಚ್ಚು ಜನ ಆಗಲೇ ದವಾಖಾನೆಗೆ ಹೋಗಿ ಕೆಮ್ಮಿನ ಔಷಧದ ಬಾಟಲಿ ಹಿಡಿದು ವಾಪಸ್ ಬಂದಿದ್ದರು. ಇದನ್ನು ಓದಿದಾಗ ನಾನು ನಕ್ಕಿದ್ದೆ. ಆಮೇಲೆ ನನ್ನದೇ ಹಳೆಯ ಪುಸ್ತಕ ತೆಗೆದು ನೋಡಿದರೆ ಒಬ್ಬ ಹೆಣ್ಣುಮಗಳಿಗೆ ಎರಡು ಸಲ ಕೆಮ್ಮಿನ ಔಷಧ ಬರೆದು, ಮೂರನೇ ಸಲಕ್ಕೆ ಕಫ ಪರೀಕ್ಷೆಗೆ ಕಳಿಸಿದ್ದೆ. ಈಗ ಬೆಂಗಳೂರಿನವರೇ ರೂಪಿಸಿದ ಟ್ರೂನ್ಯಾಟ್ ಯಂತ್ರ ಒಂದೆರಡು ಗಂಟೆಯಲ್ಲಿ ಫಲಿತಾಂಶ ಕೊಡುತ್ತದೆ. ಕಫ ಕೇಳುವ ಮನಸ್ಸು ವೈದ್ಯನಿಗೆ ಇರಬೇಕು, ಅಷ್ಟೇ.

ಊಟದ ಪ್ರಶ್ನೆಯನ್ನು ಮತ್ತೆ ಎತ್ತಿದವರು ನಮ್ಮ ರಾಜ್ಯದಲ್ಲೇ ಇರುವ ಇಬ್ಬರು: ಮಂಗಳೂರಿನ ಯೇನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ, ಡಾ. ಮಾಧವಿ ಭಾರ್ಗವ. ಮೊದಲು ಛತ್ತೀಸಗಢದ ಹಳ್ಳಿಗಳಲ್ಲಿ ಕೆಲಸ ಮಾಡಿದವರು, ಎಲುಬು ತೊಗಲಾದ ಕ್ಷಯರೋಗಿಗಳನ್ನು ದಿನವೂ ನೋಡಿದವರು. 2019ರ ಆಗಸ್ಟಿನಲ್ಲಿ ಜಾರ್ಖಂಡದ ನಾಲ್ಕು ಜಿಲ್ಲೆಗಳಲ್ಲಿ ಅವರು ಆರಂಭಿಸಿದ ಟ್ರಯಲ್ಲಿಗೆ 'ರೇಷನ್ಸ್' ಎಂದೇ ಹೆಸರು, ಹಣ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯದು. 2,800 ರೋಗಿಗಳು, ಅವರ ಮನೆಗಳ 10,345 ಜನ. ಪ್ರತಿ ರೋಗಿಗೂ ತಿಂಗಳಿಗೆ ಹತ್ತು ಕೆ.ಜಿ.ಯ ಒಂದು ಬುಟ್ಟಿ: ಅಕ್ಕಿ, ಹುರಿಗಡಲೆ ಹಿಟ್ಟು, ಹಾಲಿನ ಪುಡಿ, ಎಣ್ಣೆ, ಜತೆಗೆ ವಿಟಮಿನ್ ಗುಳಿಗೆ. ಚೀಟಿ ಎತ್ತಿದ್ದು ಮನೆಯವರಿಗಾಗಿ. ಅರ್ಧ ಪ್ರದೇಶದಲ್ಲಿ ಮನೆಯ ಪ್ರತಿ ದೊಡ್ಡವರಿಗೂ ತಿಂಗಳಿಗೆ ಐದು ಕೆ.ಜಿ. ಅಕ್ಕಿ, ಒಂದೂವರೆ ಕೆ.ಜಿ. ಬೇಳೆ. ಇನ್ನರ್ಧದಲ್ಲಿ ಮನೆಯವರಿಗೆ ಏನೂ ಇಲ್ಲ, ಅವರು ಎಂದಿನಂತೆ ಉಂಡದ್ದು.

ಒಂದೂವರೆ ಕೆ.ಜಿ. ಬೇಳೆ ಅಂದರೆ ದಿನಕ್ಕೆ ಐವತ್ತು ಗ್ರಾಂ. ಔರಾದದ ಹೆಣ್ಣುಮಗಳ ಕೈಯಲ್ಲಿ ಒಂದು ಹಿಡಿ. 2023ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಫಲಿತಾಂಶ ಬಂತು. ಅಕ್ಕಿ ಬೇಳೆ ಸಿಕ್ಕ ಮನೆಗಳಲ್ಲಿ ಹೊಸದಾಗಿ ಟಿ.ಬಿ. ಬರುವುದು 39 ಪ್ರತಿಶತ ಕಡಿಮೆಯಾಗಿತ್ತು, ಸೋಂಕು ಹರಡುವ ಬಗೆಯ ಟಿ.ಬಿ. ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು. ರೋಗಿಗಳ ಲೆಕ್ಕ ಇನ್ನೂ ಗಮನಿಸುವಂಥದು. ಸೇರಿಕೊಂಡಾಗ ಐವರಲ್ಲಿ ನಾಲ್ವರು ಇರಬೇಕಾದ ತೂಕಕ್ಕಿಂತ ಕಡಿಮೆ ಇದ್ದರು. ಮೊದಲೆರಡು ತಿಂಗಳಲ್ಲಿ ನೂರಕ್ಕೆ ಐದರಷ್ಟು ತೂಕ ಏರಿದವರಲ್ಲಿ ಸಾವಿನ ಸಂಭವ 61 ಪ್ರತಿಶತ ಕಡಿಮೆ. ಖರ್ಚು 2019ರ ಬೆಲೆಯಲ್ಲಿ ಮನೆಯವರಿಗೆ ತಲೆಗೆ ತಿಂಗಳಿಗೆ 325 ರೂಪಾಯಿ, ರೋಗಿಗೆ 1,100. ಮೂವತ್ತು ಮನೆಗಳಿಗೆ ಊಟ ಕೊಟ್ಟರೆ ಒಂದು ಹೊಸ ಟಿ.ಬಿ. ತಪ್ಪುತ್ತದೆ ಎಂಬುದು ಅವರ ಲೆಕ್ಕ. ಲಸಿಕೆಯೊಂದು ಇಷ್ಟು ಕೆಲಸ ಮಾಡಿದ್ದರೆ ಮುಖಪುಟದ ಸುದ್ದಿಯಾಗುತ್ತಿತ್ತು.

ಅರ್ಧ ಮನೆಗಳಿಗೆ ಬೇಳೆ ಕೊಡದೆ ನೋಡುತ್ತ ಕೂತದ್ದು ಸರಿಯೇ? ಈ ಅಂಕಣದಲ್ಲಿ ಹಿಂದೊಮ್ಮೆ ಈ ಟ್ರಯಲ್ ಬಗ್ಗೆ ಸೂಚ್ಯವಾಗಿ ಬರೆದಾಗ ಭಾಲ್ಕಿಯ ಓದುಗರೊಬ್ಬರು ಸಿಟ್ಟಿನಿಂದ ಕೇಳಿದ್ದರು. ನನಗೂ ಅದು ಮುಳ್ಳಿನ ಹಾಗೆ ಚುಚ್ಚುತ್ತದೆ. ಆದರೆ ಟ್ರಯಲ್ ಇಲ್ಲದಿದ್ದರೆ ಆ ಎರಡೂ ಕಡೆಯ ಮನೆಗಳಿಗೂ ಏನೂ ಸಿಗುತ್ತಿರಲಿಲ್ಲ. 'ಊಟ ಕೊಡಿ' ಎಂದು ಬರಿ ಬಾಯಲ್ಲಿ ಹೇಳಿದರೆ ದಿಲ್ಲಿಯ ಖಜಾನೆ ಕಿವಿಗೊಡುವುದಿಲ್ಲ, ಅಂಕಿ ಬೇಕು. ಅಂಕಿ ಬಂದ ಮೇಲೆ ಗಾಳಿ ಬದಲಾದದ್ದು ನಿಜ. ರೋಗಿಗೆ ತಿಂಗಳಿಗೆ ಕೊಡುತ್ತಿದ್ದ 500 ರೂಪಾಯಿ 2024ರ ನವೆಂಬರಿನಿಂದ 1,000 ಆಯಿತು. ದಾನಿಗಳು ಕೊಡುವ ನಿಕ್ಷಯ್ ಮಿತ್ರ ಬುಟ್ಟಿಯನ್ನು ಮನೆಯವರಿಗೂ ವಿಸ್ತರಿಸುವುದಾಗಿ ಅದೇ ವರ್ಷ ಕೇಂದ್ರ ಸರಕಾರ ಹೇಳಿತು. ಕಾಗದದ ಮೇಲಿನ ಬುಟ್ಟಿ ಎಷ್ಟು ಮನೆಯ ಒಲೆ ಮುಟ್ಟುತ್ತದೆ ಎಂಬುದು ಮುಂದಿನ ಮಾತು.

ನಮ್ಮ ಜಿಲ್ಲೆಯಲ್ಲಿ ಇದನ್ನು ಹೇಳುವಾಗ ನನಗೆ ಕಸಿವಿಸಿ. ಬೀದರ ಕಾಳುಗಳ ನಾಡು. ತೊಗರಿ, ಹೆಸರು, ಉದ್ದು, ಕಡಲೆ, ಈಚೆಗೆ ಸೋಯಾ. ಮಾರುಕಟ್ಟೆಯಲ್ಲಿ ಚೀಲಗಳು ಗುಡ್ಡದಂತೆ ಬಿದ್ದಿರುತ್ತವೆ. ಆ ತೊಗರಿ ಕೊಯ್ದು ರಾಶಿ ಮಾಡಿದ ಕೂಲಿಯವಳ ಮನೆಯಲ್ಲಿ ಬ್ಯಾಳಿ ನೀರು ನೀರು, ಪುಂಡಿಪಲ್ಯದಲ್ಲಿ ಹೆಸರಿಗಷ್ಟು ಕಾಳು, ಹೊಟ್ಟೆ ತುಂಬುವುದು ಸೊಸೈಟಿ ಅಕ್ಕಿಯಿಂದ. ಅನ್ನಭಾಗ್ಯದ ಹೆಚ್ಚುವರಿ ಅಕ್ಕಿಯ ಬದಲು ಬೇಳೆ, ಎಣ್ಣೆ ಇರುವ ಕಿಟ್ ಕೊಡುವ ತೀರ್ಮಾನವನ್ನು 2025ರ ಅಕ್ಟೋಬರಿನಲ್ಲಿ ರಾಜ್ಯ ಸಂಪುಟ ತೆಗೆದುಕೊಂಡಾಗ ರಾಜಕೀಯದವರು ರಾಜಕೀಯ ಮಾತಾಡಿದರು. ನನಗೆ ಜಾರ್ಖಂಡದ ಆ ಒಂದು ಹಿಡಿ ನೆನಪಾಯಿತು. ಟಿ.ಬಿ. ಇಲಾಖೆಯವರು ಬರೆಯಬೇಕಾದ ಔಷಧದ ಚೀಟಿಯನ್ನು ಆಹಾರ ಇಲಾಖೆಯವರು ಗೊತ್ತಿಲ್ಲದೆ ಬರೆದಂತಿತ್ತು.

ಎರಡನೇ ಪ್ರಶ್ನೆ ಉಳಿದಿದೆ, ಹೈದರಾಬಾದಿನದು. ಅಲ್ಲಿನ ಭಾರತ್ ಬಯೋಟೆಕ್ ಕಂಪನಿ ಸ್ಪೇನಿನ ಕಂಪನಿಯೊಂದರ ಜತೆ ಸೇರಿ 'ಎಂಟಿಬಿವ್ಯಾಕ್' ಎಂಬ ಲಸಿಕೆಯನ್ನು ಭಾರತದ ವಯಸ್ಕರಲ್ಲಿ ಪರೀಕ್ಷಿಸುವ ಕೆಲಸವನ್ನು 2024ರ ಮಾರ್ಚಿನಲ್ಲಿ ಆರಂಭಿಸಿತು. ಮನುಷ್ಯನ ಕ್ರಿಮಿಯನ್ನೇ ದುರ್ಬಲಗೊಳಿಸಿ ಮಾಡಿದ್ದು ಅದು. ನಮ್ಮ ತೋಳಿನ ಮೇಲೆ ಗುರುತು ಬಿಟ್ಟಿರುವ ಬಿ.ಸಿ.ಜಿ. ದನದ ಕ್ರಿಮಿಯಿಂದ ಬಂದದ್ದು. ಇನ್ನೊಂದು 'ಎಂ72' ಲಸಿಕೆ, ಆಫ್ರಿಕದ ದೇಶಗಳಲ್ಲಿ, ಇಂಡೋನೇಷ್ಯಾದಲ್ಲಿ ಸುಮಾರು 20,000 ಜನರ ಮೇಲೆ ನಡೆಯುತ್ತಿದೆ. ಹಿಂದಿನ ಸಣ್ಣ ಟ್ರಯಲ್ಲಿನಲ್ಲಿ ಅದು ಅರ್ಧದಷ್ಟು ರೋಗ ತಡೆದಿತ್ತು, ದೊಡ್ಡದರ ಫಲ 2028ರ ಸುಮಾರಿಗೆ ತಿಳಿಯಬಹುದು. ಆಸೆ ಇರಲಿ, ಅವಸರ ಬೇಡ. 1968ರಿಂದ ತಮಿಳುನಾಡಿನ ಚೆಂಗಲ್ಪಟ್ಟಿನಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಜನರನ್ನು ಸೇರಿಸಿ ಬಿ.ಸಿ.ಜಿ.ಯನ್ನೇ ಪರೀಕ್ಷಿಸಿದಾಗ, ದೊಡ್ಡವರ ಶ್ವಾಸಕೋಶದ ಟಿ.ಬಿ.ಯನ್ನು ಅದು ತಡೆಯುವುದಿಲ್ಲ ಎಂದು ಗೊತ್ತಾಗಿ ಎಲ್ಲರ ಮುಖ ಬಾಡಿತ್ತು.

ಹೆಸರು ಹಚ್ಚಬೇಕೆ ಎಂದರೆ, ಕರೆದವರನ್ನು ಮೊದಲು ಎರಡು ಮಾತು ಕೇಳಿರಿ. ಸಿ.ಟಿ.ಆರ್.ಐ. ಎಂಬ ರಾಷ್ಟ್ರೀಯ ದಾಖಲೆಯಲ್ಲಿ ಈ ಟ್ರಯಲ್ಲಿನ ನಂಬರೇನು? ನನಗೆ ತೊಂದರೆಯಾದರೆ ಚಿಕಿತ್ಸೆ, ಪರಿಹಾರ ಯಾರ ಜವಾಬ್ದಾರಿ? 2019ರ ನಿಯಮಗಳ ಪ್ರಕಾರ ಎರಡಕ್ಕೂ ಅವರ ಬಳಿ ಬರಹದಲ್ಲಿ ಉತ್ತರ ಇರಬೇಕು. ನಡುವೆ ಬೇಡವೆನಿಸಿದರೆ ಎದ್ದು ಬರಬಹುದು, ಅದಕ್ಕಾಗಿ ನಿಮ್ಮ ಎಂದಿನ ಚಿಕಿತ್ಸೆ ನಿಲ್ಲಿಸುವಂತಿಲ್ಲ. ಇನ್ನೊಂದು, ನಮ್ಮ ಕಡೆಯವರಿಗೆ ಮಾತ್ರ: ಒಪ್ಪಿಗೆ ಪತ್ರ ನೀವು ಓದುವ ಭಾಷೆಯಲ್ಲಿ ಕೊಡಿರೆಂದು ಪಟ್ಟು ಹಿಡಿಯಿರಿ. ಔರಾದದಲ್ಲಿ ಮನೆಯಲ್ಲಿ ಕನ್ನಡ ಮಾತಾಡಿ ಶಾಲೆಯಲ್ಲಿ ಮರಾಠಿ ಓದಿದವರಿದ್ದಾರೆ, ಉರ್ದು ಮಾತ್ರ ಓದಬಲ್ಲವರಿದ್ದಾರೆ. ಮುಂಚೆ ಒಂದು ಕಡೆ ಹನ್ನೊಂದು ಪುಟದ ಕನ್ನಡ ಪತ್ರಕ್ಕೆ ಮರಾಠಿ ಓದುವ ಮುದುಕನ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದನ್ನು ನೋಡಿ ಸುಮ್ಮನಿರಲಾಗದೆ ಬಾಯಿ ಹಾಕಿ ಬೈಸಿಕೊಂಡಿದ್ದೇನೆ.

ಲಸಿಕೆ ಬರುವತನಕ ಕಾಯಬೇಕಿಲ್ಲದ ಕೆಲಸವೂ ಇದೆ. ಮನೆಯಲ್ಲಿ ಒಬ್ಬರಿಗೆ ಟಿ.ಬಿ. ಬಂದರೆ ಉಳಿದವರನ್ನು ಪರೀಕ್ಷಿಸಿ, ರೋಗ ಇಲ್ಲವೆಂದು ಖಾತ್ರಿಯಾದ ಮೇಲೆ ವಾರಕ್ಕೊಮ್ಮೆಯಂತೆ ಹನ್ನೆರಡು ವಾರ ತಡೆಗುಳಿಗೆ ಕೊಡುವ ಪದ್ಧತಿ ಈಗ ಸರಕಾರಿ ಕಾರ್ಯಕ್ರಮದಲ್ಲೇ ಇದೆ. ಅದರ ಜತೆ ಆ ಒಂದು ಹಿಡಿ ಬೇಳೆ ಸೇರಿದರೆ ಎಷ್ಟು ಲಾಭ? ಕೆಲಸಕ್ಕೆ ಊರು ಬಿಟ್ಟು ಹೋಗುವವನಿಗೆ ಹೈದರಾಬಾದಿನ ಶೆಡ್ಡಿಗೇ ಗುಳಿಗೆ, ರೇಷನ್ ಎರಡೂ ತಲುಪಿಸಿದರೆ ಎಷ್ಟು ಜನ ಆರು ತಿಂಗಳು ಮುಗಿಸುತ್ತಾರೆ? ಇನ್ನು ಬರುವ ಟ್ರಯಲ್‌ಗಳು ಇಂಥ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆಯಲಿ ಎಂಬುದು ನನ್ನ ಆಸೆ. ಹೊಸ ಅಣು ಹುಡುಕುವವರು ಹುಡುಕುತ್ತಲೇ ಇರಲಿ. ಆದರೆ ಕೈಯಲ್ಲಿರುವ ಗುಳಿಗೆಯನ್ನು ಕೊನೆಯ ದಿನದ ತನಕ ತಿನ್ನಿಸುವುದು ಹೇಗೆಂಬುದೂ ವಿಜ್ಞಾನವೇ, ಅದಕ್ಕೂ ಚೀಟಿ ಎತ್ತಬಹುದು.

ಆ ಸೆಂಟ್ರಿಂಗ್ ಹುಡುಗ ಏಳು ತಿಂಗಳ ಮೇಲೆ ವಾಪಸ್ ಬಂದ. ಮತ್ತೆ ಕೆಮ್ಮು, ತೂಕ ಮತ್ತೆ 41ಕ್ಕೆ. ಔಷಧಕ್ಕೆ ಬಗ್ಗುವ ಕ್ರಿಮಿಯೇ ಎಂದು ಪರೀಕ್ಷೆಯಲ್ಲಿ ಬಂತು, ಪುಣ್ಯ. ಮತ್ತೆ ಮೊದಲಿನಿಂದ ಆರು ತಿಂಗಳು. ಈ ಸಲ ಅವನು ತಕ್ಕಡಿಯಿಂದ ಇಳಿದ ಮೇಲೆ ಹೆಂಡತಿಗೂ ಹತ್ತಲು ಹೇಳಿದೆ. "ನಂಗೇನಾಗ್ಯಾದ್ರಿ, ನಾ ಆರಾಮ ಇದ್ದೀನಿ" ಅಂದಳು. ಸುಮ್ಮನೆ ಹತ್ತವ್ವ ಅಂದೆ. ಚಪ್ಪಲಿ ಬಿಟ್ಟು, ಸೆರಗು ಬಿಗಿದುಕೊಂಡು, ಕಂಕುಳಲ್ಲಿದ್ದ ಕೂಸನ್ನು ಅವನ ಕೈಗೆ ಕೊಟ್ಟು ನಿಂತಳು. ಮುಳ್ಳು 36ರ ಹತ್ತಿರ ತೂಗಾಡಿ ನಿಂತಿತು. ಮನೆಯಲ್ಲಿ ಹಾಲು, ತತ್ತಿ ಯಾರು ತಿಂತಾರ ಎಂದು ಕೇಳಿದೆ. ಅವಳು ಗಂಡನ ಕಡೆ ಕೈ ಮಾಡಿದಳು.